ಹುಳದ ಮನೆಯಲ್ಲಿ ಬಚ್ಚಿಟ್ಟ ಕಂಪ್ಯೂಟರು

ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಹಸುವಿನ ಮುಂದೆ ಹಾಕಿದೆ. ಅರ್ಧ ಮೊರದಷ್ಟು ಹುಣಸೆಹಣ್ಣಿನ ಬೀಜ ಬಿಡಿಸಿ, ಉಳಿದರ್ಧವನ್ನು ನಾಳೆಗೆಂದು ಮುಚ್ಚಿಟ್ಟೆ. ಮಾವನವರ ಅಂಗಿಗೆ ಎರಡು ಗುಂಡಿ ಹಾಕಿದೆ. ಗೌರಿಬಿದನೂರಿನ ಮೂವರು ಚಂದಾದಾರರು ಮನೆ ಬದಲಿಸಿದ್ದರು, ಅವರ ಹೊಸ ವಿಳಾಸ ಬರೆದುಕೊಂಡೆ. ಪತ್ರಿಕೆಯ ಎರಡು ಪುಟ ಟೈಪು ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಹೋದದ್ದು ಬರುವ ಲಕ್ಷಣ ಕಾಣಲಿಲ್ಲ. ಕೈ ಸುಮ್ಮನಿರಲಾರದೆ ಕಂಪ್ಯೂಟರಿನ ಹೊದಿಕೆಯನ್ನು ಒಗೆದು ತಂತಿಯ ಮೇಲೆ ಹರವಿದೆ.

ಆ ಹೊದಿಕೆಯನ್ನು ನೀವು ನೋಡಬೇಕು. ಉಳಿದವರ ಕಂಪ್ಯೂಟರಿಗೆಲ್ಲ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕವರು. ನಮ್ಮದಕ್ಕೆ ನನ್ನ ಬಾಣಂತನದ ದುಪ್ಪಟಿ. ಎರಡು ಹಳೆಯ ಸೀರೆ, ಒಂದು ಪಂಚೆ ಸೇರಿಸಿ ಹೊಲಿದದ್ದು. ಮನೆಗೆ ಬಂದವರು, "ಏನಮ್ಮಾ, ನಿಮ್ಮ ಕಂಪ್ಯೂಟರಿಗೆ ಅಷ್ಟೊಂದು ಚಳಿನಾ?" ಎಂದು ಕೇಳುತ್ತಾರೆ. ಚಳಿಗಲ್ಲ, ಅದನ್ನು ಒಬ್ಬರಿಂದ ಮರೆಮಾಡುವುದಕ್ಕೆ ಹೊದಿಸಿದ್ದು ಎಂದು ನಾನು ಹೇಳುವುದಿಲ್ಲ. ನಕ್ಕು ಕಾಫಿಗೆ ಎಸರಿಡುತ್ತೇನೆ. ಇವತ್ತು ಬಿಸಿಲಿಗೆ ಹಾಕಿ ನೋಡಿದರೆ ಒಂದು ಮೂಲೆಯಲ್ಲಿ ಸೀಮೆಎಣ್ಣೆಯ ಕಲೆ ಇನ್ನೂ ಹಾಗೇ ಇದೆ. ಅದು ಇನಾಯತ್ ಸಾಬರ ಕೈಯದು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಎಂಬತ್ತರ ದಶಕ ಇನ್ನೂ ಎಳೆಯದು. ಶಿಡ್ಲಘಟ್ಟದ ಅಂಚಿನಲ್ಲಿ ನಮ್ಮ ಮನೆ. ಮುಂದಿನ ಶೆಡ್ಡಿನಲ್ಲಿ ಪ್ರೆಸ್ಸು, ಹಿಂದೆ ರೇಷ್ಮೆಹುಳ ಸಾಕುವ ಹುಳದ ಮನೆ, ನಡುವೆ ಅಡುಗೆಮನೆ. ಮಾವನವರು ಶಾಲಾ ಮೇಷ್ಟರು. ಹುಳಕ್ಕೆ ರೋಗ ಬಂದರೆ, ಸೊಪ್ಪಿಗೆ ಬೂಷ್ಟು ಬಂದರೆ ಜನ ಅವರ ಹತ್ತಿರ ಬಂದು ಯಾವುದಾದರೊಂದು ಕಾಗದ ಓದಿಸಿಕೊಂಡು ಹೋಗುತ್ತಿದ್ದರಂತೆ. ಒಂದೇ ಮಾತನ್ನು ಹತ್ತು ಜನಕ್ಕೆ ಹೇಳಿ ಹೇಳಿ ಗಂಟಲು ಕಟ್ಟಿಕೊಂಡ ಮೇಲೆ, ಅಚ್ಚು ಹಾಕಿಬಿಟ್ಟರೆ ಬಾಯಿಗೆ ವಿರಾಮ ಎಂದು ಒಂದು ಮಾಸಪತ್ರಿಕೆ ಶುರುಮಾಡಿದರು. ಹೆಸರು 'ಹಿಪ್ಪುನೇರಳೆ'. ಹದಿನಾರು ಪುಟ. ಬಾಯಿಗೆ ಮಾತ್ರ ವಿರಾಮ ಸಿಗಲಿಲ್ಲ. ಪತ್ರಿಕೆ ಹಿಡಿದುಕೊಂಡು ಬಂದು, "ಮೇಷ್ಟ್ರೇ, ಇದರಲ್ಲಿ ಏನು ಬರ್ದಿದ್ದೀರಾ ಸ್ವಲ್ಪ ಓದಿ ಹೇಳಿ" ಎನ್ನುವವರು ಹೆಚ್ಚಾದರು.

ನಮ್ಮ ಮನೆಗೊಂದು ಕಟ್ಟಳೆ ಇತ್ತು. ಮುಂದಿನ ವಾಸನೆ ಹಿಂದಕ್ಕೆ ಹೋಗಕೂಡದು. ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ. ಆ ವಾಸನೆ ತಗುಲಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ. ಮಸಿ, ಬೀಡಿ, ಅಗರಬತ್ತಿ ಯಾವುದೂ ಆಗದು. ಹಾಗಾಗಿ ನನ್ನ ಅಡುಗೆಮನೆಯೇ ಚೆಕ್‌ಪೋಸ್ಟು. ಅಲ್ಲಿಂದ ಹಿಂದಕ್ಕೆ ಹೋಗುವವರು ಚಪ್ಪಲಿ ಬಿಟ್ಟು, ಸೋಪು ಹಾಕಿ ಕೈ ತೊಳೆದು, ನನ್ನ ಮೂಗಿಗೆ ಒಪ್ಪಿಗೆಯಾದ ಮೇಲೆ ಹೋಗಬೇಕು. ನಮ್ಮವರನ್ನೇ, ಅಂದರೆ ನನ್ನ ಗಂಡನನ್ನೇ ಎರಡು ಸಲ ವಾಪಸು ಕಳಿಸಿದ್ದೇನೆ.

ಈ ಕಟ್ಟಳೆಯನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದವರು ಇನಾಯತ್ ಸಾಬರು. ಪತ್ರಿಕೆಯ ಮೊದಲ ಸಂಚಿಕೆಯಿಂದ ಮೊಳೆ ಜೋಡಿಸಿದವರು ಅವರೇ. ಅವರ ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವ ಕೆಲಸದವರು. "ನಮ್ಮನೇಲಿ ಎಲ್ರೂ ಗೂಡು ಬಿಚ್ತಾರಮ್ಮ, ನಾನೊಬ್ಬ ಅಕ್ಷರ ಬಿಚ್ತೀನಿ" ಎಂದು ನಗುತ್ತಿದ್ದರು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಅವವುಗಳ ಖಾನೆಗೆ ಹಾಕಬೇಕಲ್ಲ, ಅದಕ್ಕೆ ಆ ಮಾತು. 'ಸೀಮೆಎಣ್ಣೆ ಮುಟ್ಟಿದ ಕೈಯಲ್ಲಿ ಹುಳದ ಮನೆಗೆ ಹೋಗಬಾರದು' ಎಂಬ ಸಾಲನ್ನು ಅವರು ಎಷ್ಟು ಸಲ ಜೋಡಿಸಿದ್ದರೋ, ಸ್ವತಃ ಒಂದು ದಿನವೂ ಅಡುಗೆಮನೆ ದಾಟಿದವರಲ್ಲ.

ಪ್ರೂಫು ತಿದ್ದುವುದನ್ನು ನನಗೆ ಕಲಿಸಿದವರೂ ಅವರೇ. ಮದುವೆಗೆ ಮುಂಚೆ ಚಿಂತಾಮಣಿಯಲ್ಲಿ ಕನ್ನಡ ಟೈಪಿಂಗ್ ಪಾಸು ಮಾಡಿಕೊಂಡಿದ್ದೆ ಎಂಬುದೊಂದೇ ನನ್ನ ಬಂಡವಾಳ. "ಮೊದಲನೇ ಪ್ರೂಫು ಅತ್ತೆ ಹಾಗೆ ಓದ್ಬೇಕು, ಎಲ್ಲಾದ್ರಲ್ಲೂ ತಪ್ಪು ಹುಡುಕ್ತಾ. ಎರಡನೇದು ಸೊಸೆ ಹಾಗೆ ಓದ್ಬೇಕು, ಎಲ್ಲಿ ಬೈಸ್ಕೋತೀನೋ ಅಂತ ಹೆದರ್ಕೊಂಡು" ಎಂದಿದ್ದರು. ಒಳಗಿದ್ದ ನಮ್ಮತ್ತೆಗೆ ಆ ಮಾತು ಕೇಳಿಸಿ, ಆ ದಿನ ಸಾಬರಿಗೆ ಸಕ್ಕರೆಯಿಲ್ಲದ ಕಾಫಿ ಹೋಯಿತು. ಅತ್ತೆ ಈಗಿಲ್ಲ. ಆ ಎರಡು ಓದು ಮಾತ್ರ ನನ್ನಲ್ಲಿ ಉಳಿದಿದೆ.

ಎಲ್ಲಿಗೋ ಹೋಗಿಬಿಟ್ಟೆ, ಹೊದಿಕೆಯ ವಿಷಯ ಹೇಳುತ್ತಿದ್ದೆ.

ತೊಂಬತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ನಮ್ಮ ಮೊಳೆಗಳು ಸವೆದಿದ್ದವು. ಕೊಂಬು ಮುರಿದವು ಕೆಲವು, ತಲೆ ಮೊಂಡಾದವು ಕೆಲವು. ಹೊಸ ಮೊಳೆ ಎರಕ ಹೊಯ್ಯುವವರು ಅಂಗಡಿ ಮುಚ್ಚಿದ್ದರು. ಪತ್ರಿಕೆಯಲ್ಲಿ ತಪ್ಪುಗಳೂ ಹೆಚ್ಚುತ್ತಿದ್ದವು. ಮೊದಲು ಪುಟಕ್ಕೆ ನಾಲ್ಕು ತಿದ್ದುತ್ತಿದ್ದವಳು ಈಗ ಮೂವತ್ತು ತಿದ್ದುತ್ತಿದ್ದೆ. ಸವೆದ ಮೊಳೆಯ ದೋಷ ಎಂದುಕೊಂಡೆ. ಜೊತೆಗೆ ಸಾಬರಿಗೆ ಮರೆವು ಬೇರೆ ಶುರುವಾಗಿತ್ತು. ದಿನಾ ಬಂದು ಸ್ಟೂಲಿನ ಮೇಲೆ ಕೂತು, "ಅಮ್ಮಾ, ಕನ್ನಡಕ ಮನೇಲೇ ಮರೆತೆ. ಸ್ವಲ್ಪ ಓದಿ ಹೇಳ್ತೀರಾ?" ಎನ್ನುವರು. ನಾನು ಸೊಪ್ಪು ಬಿಡಿಸುತ್ತಾ ಲೇಖನ ಓದುವೆ, ಅವರು ಕೇಳಿಕೊಂಡು ಮೊಳೆ ಜೋಡಿಸುವರು. ಎರಡು ವರ್ಷ ದಿನವೂ ಕನ್ನಡಕ ಮರೆತು ಬರುವ ಮನುಷ್ಯರ ಬಗ್ಗೆ ನನಗೆ ಒಂದು ದಿನವೂ ಸಂಶಯ ಬರಲಿಲ್ಲ ನೋಡಿ. ಸೊಪ್ಪಿನಲ್ಲಿ ಅಡಗಿದ ಸಣ್ಣ ಹುಳವೂ ನನ್ನ ಕಣ್ಣು ತಪ್ಪಿಸುವುದಿಲ್ಲ ಎಂದು ಜಂಭ ಪಡುವವಳು ನಾನು.

ಕಂಪ್ಯೂಟರು ತರೋಣ ಎಂದವರು ನಮ್ಮವರು. ಅವರು ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಸೀಸ ಬೇಡ, ಸೀಮೆಎಣ್ಣೆ ಬೇಡ. ಮನೆಯಲ್ಲಿ ಟೈಪು ಮಾಡಿಕೊಟ್ಟರೆ ಚಿಕ್ಕಬಳ್ಳಾಪುರದಲ್ಲಿ ಆಫ್‌ಸೆಟ್ಟಿನಲ್ಲಿ ಮುದ್ರಿಸಿ ಕೊಡುತ್ತಾರೆ. ಟೈಪು ಮಾಡಲು ನಾನಿದ್ದೇನೆ. ಎಲ್ಲ ಸರಿಯೇ. ಆದರೆ ಇನಾಯತ್ ಸಾಬರಿಗೆ ಹೇಳುವವರು ಯಾರು?

"ನಾನು ಹೇಳ್ತೀನಿ," ಎಂದರು ಮಾವನವರು. "ಉಗಾದಿ ಕಳೀಲಿ."

ಉಗಾದಿ ಕಳೆಯಿತು. ಬಕ್ರೀದ್ ಆಗಲಿ ಎಂದರು, ಆಯಿತು. ದೀಪಾವಳಿ ಆಗಲಿ ಎಂದರು. ಅದೂ ಆಯಿತು. ಹುಳ ಮೂರನೇ ಜ್ವರದಿಂದ ಏಳಲಿ ಎಂದರು. ನಮ್ಮ ಕಡೆ ಹುಳ ಪೊರೆ ಕಳಚುವ ಮುಂಚೆ ತಲೆಯೆತ್ತಿ ಮೇವು ಬಿಟ್ಟು ಕೂರುವುದನ್ನು ಜ್ವರ ಎನ್ನುತ್ತೇವೆ. ಹುಳ ಎದ್ದಿತು, ನಾಲ್ಕನೇ ಜ್ವರಕ್ಕೂ ಕೂತು ಎದ್ದಿತು. ಮಾವನವರು ಎದ್ದು ಹೇಳಲಿಲ್ಲ. ಇಷ್ಟು ವರ್ಷ ಜೊತೆಗಿದ್ದವರಿಗೆ 'ನಾಳೆಯಿಂದ ನೀವು ಬೇಡ' ಎನ್ನುವ ಮಾತಿಗೆ ಮಾವನವರಲ್ಲಿ ಮೊಳೆಯೇ ಇರಲಿಲ್ಲ. ಅಷ್ಟರಲ್ಲಿ ಕಂಪ್ಯೂಟರು ಬಂದೇಬಿಟ್ಟಿತು.

ತಂದವನು ಅದನ್ನು ಇಳಿಸಿ ನಿಯಮ ಹೇಳತೊಡಗಿದ. "ತಣ್ಣಗಿರೋ ಜಾಗ ಬೇಕು ಸಾರ್. ಧೂಳು ಬರಬಾರದು. ಚಪ್ಪಲಿ ಹಾಕ್ಕೊಂಡು ಒಳಗೆ ಬರಬಾರದು. ಬೀಡಿ ಸಿಗರೇಟು ಹೊಗೆ ಆಗಲ್ಲ. ಕಂಡೋರೆಲ್ಲ ಮುಟ್ಟಬಾರದು."

ಮಾವನವರ ಮುಖ ಅರಳಿತು. "ಏಮಪ್ಪಾ, ನೀನು ಹೇಳ್ತಿರೋದು ನಮ್ಮ ಹುಳದ ಮನೆ ಕಟ್ಟಳೆನೇ ಅಲ್ವಾ! ಇಡು, ಅಲ್ಲೇ ಇಡು."

ಈಗ ನಗುತ್ತೀರಿ. ಆಗ ನಮಗೆ ಅದಕ್ಕಿಂತ ಸರಿಯಾದ ಜಾಗ ಭೂಮಿಯ ಮೇಲೆ ಕಾಣಲಿಲ್ಲ. ಇನಾಯತ್ ಸಾಬರು ಕಾಲಿಡದ ಜಾಗವೂ ಅದೊಂದೇ. ಹುಳದ ತಟ್ಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಮೇಜು ಹಾಕಿದೆವು. ಆದರೂ ಬಾಗಿಲು ತೆರೆದಾಗ ಅಕಸ್ಮಾತ್ ಕಣ್ಣಿಗೆ ಬಿದ್ದರೆ ಎಂದು ನನ್ನ ಬಾಣಂತನದ ದುಪ್ಪಟಿ ಹೊದಿಸಿದೆ. ಬೆಳಗ್ಗೆ ಸಾಬರು ಮೊಳೆ ತೊಳೆಯುವಾಗ, ಮಧ್ಯಾಹ್ನ ನಮಾಜಿಗೆ ಹೋದಾಗ ನಾನು ಓಡಿಹೋಗಿ ಟೈಪು ಮಾಡುವುದು. ಅವರು ಈ ಕಡೆ ಬಂದ ಸದ್ದಾದರೆ ದುಪ್ಪಟಿ ಎಳೆದು, ಕೈಗೊಂದು ಸೊಪ್ಪಿನ ಕಟ್ಟು ಹಿಡಿದು ಹೊರಗೆ ಬರುವುದು. ಮದುವೆಯಾಗಿ ಹತ್ತು ಹನ್ನೆರಡು ವರ್ಷವಾದ ಹೆಂಗಸು ಹೀಗೆ ಕದ್ದು ಓಡಾಡುವುದನ್ನು ಕಂಡು ನಮ್ಮವರು, "ಅಕ್ಕಪಕ್ಕದೋರು ಏನಂದ್ಕೊಂಡಾರು ಕಣೇ?" ಎನ್ನುತ್ತಿದ್ದರು. ಸಾಬರ ಮುಂದೆ ಕೂತು ಓದಿ ಹೇಳುವಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಕೆಲಸ ಕಲಿಸಿದವರ ಸ್ಟೂಲನ್ನೇ ಹಿಂದಿನಿಂದ ಎಳೆಯುತ್ತಿದ್ದೇನೆ ಅನಿಸುತ್ತಿತ್ತು.

ಮೂರು ತಿಂಗಳು ಅಭ್ಯಾಸವಾಯಿತು. ನಾಲ್ಕನೆಯ ತಿಂಗಳ ಸಂಚಿಕೆ ಪೂರ್ತಿ ಕಂಪ್ಯೂಟರಿನಲ್ಲೇ ಎಂದು ನಿರ್ಧಾರವಾಯಿತು. "ಹೊಸ ಸಂಚಿಕೆ ಕೈಗೆ ಬರ್ಲಿ, ಅದನ್ನ ತೋರಿಸಿ ಹೇಳಿಬಿಡ್ತೀನಿ" ಎಂದರು ಮಾವನವರು. ಅಲ್ಲಿಯವರೆಗೆ ಸಾಬರಿಗೆ ಕೊಡಲು ಕೆಲಸ ಬೇಕಲ್ಲ? ಆಗ ಮಾವನವರು ಮಾಡಿದ ಉಪಾಯ ಕೇಳಿ. ಹತ್ತು ವರ್ಷ ಹಿಂದಿನ ಸಂಚಿಕೆಗಳ ಲೇಖನಗಳನ್ನು ಹೊಸ ಹಾಳೆಯ ಮೇಲೆ ಸ್ವಂತ ಕೈಯಿಂದ ನಕಲು ಮಾಡಿ, "ಮುಂದಿನ ತಿಂಗಳದು" ಎಂದು ಕೊಟ್ಟರು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣದ ಕಾಟ, ಸೊಪ್ಪು ಕೊಯ್ಯುವ ಹೊತ್ತು, ಚಂದ್ರಿಕೆ ತೊಳೆಯುವ ಕ್ರಮ. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ನಾನು ಓದಿದೆ. ಸಾಬರು ಕೇಳಿಕೊಂಡು ಜೋಡಿಸಿದರು. ಊಜಿ ನೊಣದ ಹತ್ತಿರ ಮಾತ್ರ ಒಂದು ಕ್ಷಣ ಕೈ ನಿಲ್ಲಿಸಿ, "ಚೆನ್ನಾಗಿ ಬರ್ದಿದ್ದಾರಮ್ಮ" ಎಂದರು.

ಬೇಸಿಗೆ ಜೋರಾಯಿತು. ಹೊಸ ಹುಳ ಮರಿಯಾಗಿತ್ತು. ಮರಿಹುಳಕ್ಕೆ ತೇವ ಬೇಕು. ವಾಡಿಕೆಯಂತೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಇಳಿಬಿಟ್ಟೆ, ನೆಲಕ್ಕೆ ಮರಳು ಹಾಕಿ ಮೂರು ಹೊತ್ತು ನೀರು ಚಿಮುಕಿಸಿದೆ. ಕಂಪ್ಯೂಟರಿಗೂ ಸೆಕೆಯಾದೀತು ಎಂದು ದುಪ್ಪಟಿಯ ಮೇಲೂ ಎರಡು ಬೊಗಸೆ ಚಿಮುಕಿಸಿದ್ದು ನನ್ನ ಸ್ವಂತ ಬುದ್ಧಿ. ಯಾರೂ ಹೇಳಿಕೊಟ್ಟದ್ದಲ್ಲ.

ತಿಂಗಳ ಐದರಂದು ಪತ್ರಿಕೆ ಅಂಚೆಗೆ ಬೀಳಬೇಕು. ಮಾವನವರು ಒಂದು ತಿಂಗಳೂ ತಪ್ಪಿಸಿದವರಲ್ಲ. ಎರಡನೆಯ ತಾರೀಖು ಬೆಳಗ್ಗೆ ಗುಂಡಿ ಒತ್ತಿದೆ. ಟಪ್ ಎಂದಿತು. ಒಗ್ಗರಣೆ ಸೀದ ವಾಸನೆ ಬಂತು. ಆಮೇಲೆ ಏನೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಬಳ್ಳಾಪುರದಿಂದ ರಿಪೇರಿಯವನು ಬಂದ. ಪ್ರೆಸ್ಸಿನ ಕಡೆಯಿಂದ ಬೇಡವೆಂದು ಅವನನ್ನು ಹಿತ್ತಲ ಬಾಗಿಲಿನಿಂದ ಕರೆತಂದೆವು. ಅವನು ಹಿಂದಿನ ತಗಡು ಬಿಚ್ಚಿದ, ಒಳಗೆ ಟಾರ್ಚು ಬಿಟ್ಟು ನೋಡಿದ, ನಮ್ಮನ್ನೂ ಒಂದು ಸಲ ನೋಡಿದ. ಎರಡು ಬೆರಳಲ್ಲಿ ಏನನ್ನೋ ಹೊರಗೆಳೆದ.

"ಇದನ್ನ ಒಳಗೆ ಯಾರು ಇಟ್ಟಿದ್ದು ಸಾರ್?"

ರೇಷ್ಮೆಗೂಡು. ಹಿಂದಿನ ಬೆಳೆಯ, ಮೇವು ಮುಗಿಸಿ ಹಣ್ಣಾದ ಯಾವುದೋ ಹುಳ ಬೆಚ್ಚಗಿದೆಯೆಂದು ಒಳಗೆ ಹೊಕ್ಕು ಗೂಡು ಕಟ್ಟಿಕೊಂಡಿತ್ತು. ಮಾವನವರು ಅದನ್ನು ಇಸಿದುಕೊಂಡು, ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಗೂಡು ಗಟ್ಟಿಯಾಗಿದೆಯಲ್ಲಮ್ಮಾಯಿ!" ಎಂದು ನನ್ನ ಕಡೆ ತಿರುಗಿದರು.

"ಗೂಡು ಗಟ್ಟಿಯಾಗಿದೆ ಸಾರ್, ಕಂಪ್ಯೂಟರು ಹೋಯ್ತು," ಎಂದ ರಿಪೇರಿಯವನು. "ಎಲ್ಲಾ ನೀರು ಕೂತಿದೆ. ಒಳಗಿರೋ ಮ್ಯಾಟರ್ ಸಿಗೋದು ಡೌಟು. ಫ್ಲಾಪಿಗೆ ಕಾಪಿ ಹಾಕಿಟ್ಟಿದ್ದೀರಲ್ವಾ ಮೇಡಂ?"

ಹಾಕಿಡಿ ಎಂದು ಕಂಪ್ಯೂಟರು ತಂದವನು ಮೊದಲ ದಿನವೇ ಹೇಳಿದ್ದ. ನಾಳೆ ಹಾಕಿದರಾಯಿತು ಎಂದುಕೊಂಡಿದ್ದೆ. ಇವತ್ತಿನ ಹುಣಸೆಹಣ್ಣಿನ ಹಾಗೆಯೇ.

ಮಾವನವರು ತಟ್ಟೆಗಳ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಕೈಯಲ್ಲಿ ಆ ಗೂಡು. ಮೂರು ದಿನ ಉಳಿದಿದೆ, ಹದಿನಾರು ಪುಟ ಮಾಯ. ಇನ್ನು ಯಾರ ಹತ್ತಿರ ಹೋಗಬೇಕು ಎಂಬುದು ಇಬ್ಬರಿಗೂ ಗೊತ್ತು. ಯಾವ ಮುಖ ಹೊತ್ತು ಹೋಗಬೇಕು ಎಂಬುದು ಗೊತ್ತಿಲ್ಲ. "ನೀನೇ ಹೋಗಿ ಹೇಳಮ್ಮಾಯಿ," ಎಂದರು. "ನನ್ನ ಕೈಯಲ್ಲಿ ಆಗಲ್ಲ."

ಅಡುಗೆಮನೆಯಿಂದ ಪ್ರೆಸ್ಸಿಗೆ ಹತ್ತು ಹೆಜ್ಜೆ. ಅವತ್ತು ಚಿಂತಾಮಣಿಯಷ್ಟು ದೂರ ಅನಿಸಿತು. ಸಾಬರು ಸ್ಟೂಲಿನ ಮೇಲೆ ಕೂತು ಬಟ್ಟೆಯಲ್ಲಿ ಮೊಳೆ ಒರೆಸುತ್ತಿದ್ದರು. ಹೆಜ್ಜೆಯ ಸದ್ದಿಗೇ, "ಬನ್ನಿ ಅಮ್ಮಾ" ಎಂದರು.

"ಸಾಬ್ರೇ, ನಿಮಗೊಂದು ವಿಷಯ ಹೇಳ್ಬೇಕು. ಹುಳದ ಮನೇಲಿ..." ಸೆರಗಿನ ತುದಿ ಸುತ್ತುತ್ತಾ ನಿಂತೆ.

"ಕೆಟ್ಟೋಯ್ತಾ?" ಎಂದು ಕೇಳಿದರು.

"ಏನು?"

"ಅದೇನಮ್ಮ, ನಿಮ್ಮ ಟಕಟಕ. ಬೆಳಗ್ಗೆಯಿಂದ ಸದ್ದೇ ಇಲ್ಲ. ರೇಷ್ಮೆಹುಳ ಸೊಪ್ಪು ತಿಂದ್ರೆ ಮಳೆ ಬಂದಂಗೆ ಸರಸರ ಅನ್ನತ್ತೆ. ಮೂರು ತಿಂಗಳಿಂದ ಟಕಟಕ ಅಂತಿದೆ. ಇದು ಯಾವ ಜಾತಿ ಹುಳ ತಂದವ್ರೆ ಮೇಷ್ಟ್ರು ಅಂದ್ಕೊಂಡೆ. ಆಮೇಲೆ ಊಜಿ ನೊಣದ ಲೇಖನ ಕೊಟ್ರಲ್ಲ, ಆವತ್ತು ಪೂರ್ತಿ ತಿಳೀತು. ಅದನ್ನ ಹತ್ತು ವರ್ಷದ ಹಿಂದೆ ಇದೇ ಕೈಯಲ್ಲಿ ಜೋಡಿಸಿದ್ದೆ."

ನಾನು ಅಲ್ಲೇ ಪೇಪರು ಕಟ್ಟಿನ ಮೇಲೆ ಕೂತೆ. "ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಸಾಬ್ರೇ? ಬೈಬಾರದಾಗಿತ್ತಾ?"

"ಬೈಯೋದಾ? ನೀವು ಯಾವಾಗ ಹೇಳ್ತೀರಾ, ಯಾವಾಗ ಹೇಳ್ತೀರಾ ಅಂತ ಕಾಯ್ತಿದ್ದೆ ತಾಯಿ," ಎಂದರು. ಮೊಳೆ ಕೆಳಗಿಟ್ಟರು. "ಎರಡೂ ಕಣ್ಣಿಗೂ ಪೊರೆ ಬಂದಿದೆ. ಎರಡು ವರ್ಷ ಆಯ್ತು. ಈಗ ನಿಮ್ಮ ಮುಖ ಕಾಣಲ್ಲ, ನೀಲಿ ಸೀರೆ ಅಂತ ಮಾತ್ರ ಗೊತ್ತಾಗತ್ತೆ. ಚಿಂತಾಮಣೀಲಿ ಮಗಳು, ಬಾ ಅಬ್ಬಾ, ಆಪರೇಶನ್ ಮಾಡಿಸ್ತೀನಿ, ಒಂದು ತಿಂಗಳು ನನ್ನ ಹತ್ರ ಇರು ಅಂತಾಳೆ. ನಾನು ಒಂದು ತಿಂಗಳು ಹೋದ್ರೆ ಪತ್ರಿಕೆ ಗತಿ ಏನು? ಮೊಳೆ ಜೋಡಿಸೋರು ಈ ಊರಲ್ಲಿ ಇನ್ಯಾರವ್ರೆ? ಅದಕ್ಕೇ ಹೇಳಲಿಲ್ಲ. ನೀವೇ ಸಾಕು ಅಂದ್ರೆ ನೆಮ್ಮದಿಯಾಗಿ ಹೋಗೋಣ ಅಂತಿದ್ದೆ."

"ಮತ್ತೆ ಕನ್ನಡಕ?"

"ಅಯ್ಯೋ, ಕನ್ನಡಕ ಹಾಕಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ, ಬಿಡಿ ಅಮ್ಮಾ," ಎಂದು ನಕ್ಕರು. "ಖಾನೆಗಳು ಬೆರಳಿಗೆ ಗೊತ್ತು. ಓದೋದಕ್ಕೆ ನೀವಿದ್ರಿ. ತಪ್ಪೆಲ್ಲ ತಿದ್ದೋದಕ್ಕೂ ನೀವಿದ್ರಿ."

ಅವರಿಗಾಗಿ ನಾವು ಬಾಯಿ ಮುಚ್ಚಿಕೊಂಡಿದ್ದೆವು, ನಮಗಾಗಿ ಅವರು ಕಣ್ಣು. ನನಗೆ ಅಳು ಬಂತೋ ನಗು ಬಂತೋ ನೆನಪಿಲ್ಲ. ಎದೆಯ ಮೇಲಿದ್ದ ರುಬ್ಬುಗುಂಡನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು ಎಂಬುದು ಮಾತ್ರ ನೆನಪಿದೆ.

ಸಂಚಿಕೆ ಹೋಗಿದೆ ಎಂದೆ. ಸಾಬರು ಕೈಚಾಚಿ ಗೋಡೆಯ ಪಕ್ಕದ ಹಲಗೆ ತಡವಿದರು. "ಎಲ್ಲಿ ಹೋಗತ್ತೆ? ಇಲ್ಲೇ ಇದೆಯಲ್ಲ. ಹನ್ನೆರಡು ಪುಟ ಜೋಡಿಸಿ ಕಟ್ಟಿಟ್ಟಿದ್ದೀನಿ. ಹಳೇದಾದ್ರೇನು? ಊಜಿ ನೊಣ ಏನು ಹೊಸ ಥರ ಮೊಟ್ಟೆ ಇಡತ್ತಾ? ನಾಲ್ಕು ಪುಟ ಬಾಕಿ. ನೀವು ಓದಿ, ನಾನು ಜೋಡಿಸ್ತೀನಿ."

ಮಾವನವರು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೋಗಿ ತಾವೇ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ವಿಪರೀತವಾಗಿತ್ತು.

ಕಾಫಿ ಕುಡಿದ ಸಾಬರು, "ಕಂಪ್ಯೂಟರು ಎಲ್ಲಿಟ್ಟಿದ್ದೀರಾ, ಹುಳದ ಮನೇಲಾ? ತೋಬಾ ತೋಬಾ! ಹುಳಕ್ಕೆ ತೇವ ಬೇಕು, ಯಂತ್ರ ಒಣಗಿರ್ಬೇಕು. ಅಷ್ಟೂ ತಿಳೀಲಿಲ್ವಾ ಮೇಷ್ಟ್ರೇ ನಿಮಗೆ?" ಎಂದು ಬೈದು ಅದನ್ನು ಪ್ರೆಸ್ಸಿಗೆ ತರಿಸಿದರು. ದುಪ್ಪಟಿಯನ್ನು ತಾವೇ ಎಳೆದು, ಯಂತ್ರವನ್ನು ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿದರು. ಸೀಮೆಎಣ್ಣೆಯ ಕಲೆ ಆಗ ಆದದ್ದು. ಕೀಲಿಗಳ ಮೇಲೆ ಬೆರಳು ಬಂದಾಗ ನಿಂತು, "ಇಷ್ಟೇನಾ ಖಾನೆ? ಪಾಪ, ಇದಕ್ಕೆ ಒತ್ತಕ್ಷರ ಎಲ್ಲಿಂದ ಬರತ್ತೆ?" ಎಂದು ಮರುಗಿದರು.

ಮುಂದಿನ ಎರಡು ದಿನ ನಾನು ಓದಿದೆ, ಅವರು ಜೋಡಿಸಿದರು, ಮಾವನವರು ಅಚ್ಚಿನ ಟ್ರೆಡಲ್ ಯಂತ್ರ ತುಳಿದರು, ನಮ್ಮವರು ರಜಾ ಹಾಕಿ ಹಾಳೆ ಮಡಿಚಿದರು. ನಾನು ಮೈದಾ ಅಂಟು ಕಾಯಿಸಿ ವಿಳಾಸ ಅಂಟಿಸಿದೆ. ಐದರಂದು ಬೆಳಗ್ಗೆ ಹತ್ತೂವರೆಗೆ ಚೀಲಗಳು ಅಂಚೆ ಕಚೇರಿ ಸೇರಿದವು. ಹತ್ತು ವರ್ಷದ ಹಳೆಯ ಸಂಚಿಕೆ ಎಂದು ಒಬ್ಬರೂ ಕಂಡುಹಿಡಿಯಲಿಲ್ಲ. ತೊಂಡೇಬಾವಿಯ ಹಳೆಯ ಚಂದಾದಾರರೊಬ್ಬರು ಮಾತ್ರ ಕಾಗದ ಬರೆದರು: 'ಈಚೆಗೆ ನಿಮ್ಮ ಪತ್ರಿಕೆ ಸಪ್ಪೆಯಾಗಿತ್ತು. ಈ ಸಲದ ಊಜಿ ನೊಣದ ಹೊಸ ಲೇಖನ ಬಹಳ ಚೆನ್ನಾಗಿದೆ. ಹೀಗೇ ಮುಂದುವರಿಸಿ.' ಅದನ್ನು ಓದಿ ಹೇಳಿದಾಗ ಸಾಬರು ಕೆಮ್ಮು ಬರುವವರೆಗೆ ನಕ್ಕರು.

ಅವರು ಚಿಂತಾಮಣಿಗೆ ಹೋದರು, ಎರಡೂ ಕಣ್ಣು ಸರಿಯಾಯಿತು. ಕಂಪ್ಯೂಟರೂ ರಿಪೇರಿಯಾಗಿ ಬಂತು. ಈಗ ಅವರ ಸ್ಟೂಲು ನನ್ನ ಕುರ್ಚಿಯ ಪಕ್ಕದಲ್ಲಿದೆ. ಅತ್ತೆ ಓದು ಅವರದು, ಸೊಸೆ ಓದು ನನ್ನದು. ಪುಟಕ್ಕೆ ಮೂರು ತಪ್ಪಾದರೂ ಹಿಡಿದು, "ಏನಮ್ಮಾ, ಕನ್ನಡಕ ಮರೆತ್ರಾ?" ಎಂದು ನನ್ನನ್ನೇ ಕೇಳುತ್ತಾರೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಐದನೆಯ ತಾರೀಖಿನ ಮಧ್ಯಾಹ್ನದ ಮಾತು. ಅಂಚೆ ಕಚೇರಿಯಿಂದ ಬಂದವರಿಗೆ ದಂಟುಸೊಪ್ಪು, ಹೆಸರುಕಾಳಿನ ಬಸ್ಸಾರು, ಬಿಸಿ ಮುದ್ದೆ, ಮಾವಿನಕಾಯಿ ಉಪ್ಪಿನಕಾಯಿ, ಮಜ್ಜಿಗೆ ಬಡಿಸಿದೆ. ಸಾಬರು ಎರಡನೇ ಮುದ್ದೆ ಹಾಕಿಸಿಕೊಂಡರು. ಆಮೇಲೆ ಎಲ್ಲರೂ ಪ್ರೆಸ್ಸಿನಲ್ಲಿ ಚಾಪೆ ಹಾಕಿ ಅಡ್ಡಾದರು. ಮಾವನವರು ಗೋಡೆಗೊರಗಿ ಕೂತು, ಹೋದ ವರ್ಷದ ಉಗಾದಿಯಿಂದ ಕೂಡಿಟ್ಟುಕೊಂಡಿದ್ದ ಮಾತನ್ನು ಕೊನೆಗೂ ಶುರುಮಾಡಿದರು. "ಇನಾಯತ್ತು, ನಾನು ನಿನಗೆ ಮುಂಚೆನೇ ಹೇಳ್ಬೇಕಾಗಿತ್ತಪ್ಪ. ನನ್ನದು ತಪ್ಪಾಯ್ತು. ನೀನೇನೂ ಮನಸ್ಸಿಗೆ..."

ಬಗ್ಗಿ ನೋಡಿದರು. ಸಾಬರು ಮಗ್ಗುಲಾಗಿದ್ದರು. ದಿನಾ ಮನೆಯಲ್ಲೇ ಮರೆತು ಬರುತ್ತಿದ್ದ ಅವರ ಕನ್ನಡಕ ಅಂಗಿಯ ಜೇಬಿನಿಂದ ಚಾಪೆಯ ಮೇಲೆ ಜಾರಿತ್ತು. ಮಾವನವರು ಅದನ್ನೆತ್ತಿ, ತಮ್ಮ ಪಂಚೆಯ ಅಂಚಿನಲ್ಲಿ ಎರಡೂ ಗಾಜು ಒರೆಸಿ, ಅವರ ತಲೆಯ ಹತ್ತಿರ ಇಟ್ಟರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಇನಾಯತ್ ಸಾಬರು.